ಹಗ್ಗದೊಳಗಿನ ತಳವಾರ

ಯುದ್ಧದ ಕಾಲದಲ್ಲಿ, ಹೆಗ್ಗಡದೇವನಕೋಟೆ ಸೀಮೆಯ ಒಂದಾನೊಂದು ಹಳ್ಳಿಯಲ್ಲಿ, ಮುಗಿಲಿಂದ ಬಿದ್ದ ವಿಮಾನವನ್ನು ಕಾಯುವ ತಳವಾರನೊಬ್ಬನಿದ್ದ. ಮುದ್ದಯ್ಯ ಅವನ ಹೆಸರು. ಮೂರನೆಯ ದಿನ ಬೆಳಗ್ಗೆ ಅವನ ಹೆಣವನ್ನೇ ಎತ್ತಲು ನಾಲ್ವರು ಕಾವಲಿನ ಹಗ್ಗ ದಾಟಿ ಬಗ್ಗಿದಾಗ ಹೆಂಡತಿ ರಾಚಮ್ಮ ಅಡ್ಡ ನಿಂತಳು.

"ಮುಟ್ಟಬ್ಯಾಡಿ. ಅಗ್ಗದ ಒಳಗಿರೋದನ್ನ ಸಾಹೇಬ್ರು ನೋಡೋಗಂಟ ಅಲ್ಲಾಡಿಸಂಗಿಲ್ಲ."

ಬಗ್ಗಿದವರು ಹಾಗೇ ಕಲ್ಲಾದರು. ಹುರುಳಿ ಹೊಲದಲ್ಲಿ ಮುರಿದ ರೆಕ್ಕೆ, ಸುಟ್ಟ ಯಂತ್ರ. ಅವುಗಳ ನಡುವೆ ಬಿದಿರು ಗೂಟಕ್ಕೆ ಒರಗಿ, ಕಂಬಳಿ ಹೊದ್ದು, ಕಣ್ಣು ತೆರೆದೇ ಕೂತಿದ್ದ ಮುದ್ದಯ್ಯ.

ನಾದಿನಿ ಮಲ್ಲಾಜಮ್ಮನಿಗೆ ಅಳುವೇ ನಿಂತುಹೋಯಿತು. "ನಮ್ಮಣ್ಣ ಏನು ಇಮಾನದ ಚೂರಾ ಅತ್ಗೆ?"

"ಮಾತು ಕೊಟ್ಟವ್ರೆ ಕಣವ್ವ," ಎಂದಳು ರಾಚಮ್ಮ. ಅವಳ ಕಣ್ಣಿಗೆ ಇನ್ನೂ ನೀರು ಬಂದಿರಲಿಲ್ಲ.

ಹೊತ್ತು ಮುಳುಗಿದ ಮೇಲೆ ಮಣ್ಣು ಮಾಡುವಂತಿಲ್ಲವೆಂದು ಪಟೇಲ ಗೋವಿಂದಯ್ಯ ಎಚ್ಚರಿಸಿದ. ಆದರೂ ಅವಳನ್ನು ಸರಿಸಿ ಒಳಹೋಗಲು ಅವನಿಗೂ ಮನಸ್ಸು ಬರಲಿಲ್ಲ. ಗುಂಡಿ ತೋಡಿ ಎಲ್ಲರೂ ಕಾದರು.

*

ವಿಮಾನ ಬಿದ್ದ ದಿನವೇ ಅದನ್ನು ಹಾರಿಸುತ್ತಿದ್ದವನ ಹೆಣವನ್ನು ಮೈಸೂರಿಗೆ ಸಾಗಿಸಿದ್ದರು. ಅಮಲ್ದಾರರು ಹೊಲದ ಸುತ್ತ ಹಗ್ಗ ಕಟ್ಟಿಸಿ ಹುಕುಂ ಓದಿದ್ದರು: ತನಿಖೆಯ ಸಾಹೇಬರು ಬೆಂಗಳೂರಿನಿಂದ ಬಂದು ನೋಡುವ ತನಕ ಬಿದ್ದದ್ದು ಬಿದ್ದಲ್ಲೇ ಇರಬೇಕು, ಒಂದು ಮೊಳೆ ಜರುಗಿದರೂ ಯಾಕೆ ಬಿತ್ತೆಂಬುದು ತಿಳಿಯದು. ಮುದ್ದಯ್ಯ ಮಣ್ಣು ಮುಟ್ಟಿ, ಇದ್ದದ್ದನ್ನು ಇದ್ದಂತೆಯೇ ಒಪ್ಪಿಸುವೆನೆಂದಿದ್ದ.

ಎರಡನೆಯ ದಿನ ಸಂಜೆ ಗಾಳಿ ಎದ್ದಿತ್ತು. ಮುದ್ದೆ ತಂದ ರಾಚಮ್ಮ, ಎದೆ ನೀವಿಕೊಳ್ಳುತ್ತಿದ್ದ ಗಂಡನನ್ನು ಮನೆಗೆ ಕರೆದಳು.

"ಏಳಂಗಿಲ್ಲ ಕಣಮ್ಮಿ," ಎಂದ. "ಸಾಹೇಬ್ರು ಬಂದ್ಮೇಲೆ ಏಳ್ತೀನಿ."

ಕೂತಲ್ಲೇ ಉಂಡ. ಕೂತಲ್ಲೇ ಕೈ ತೊಳೆದ.

*

ಹೊತ್ತು ಮುಳುಗಲು ಇನ್ನೊಂದು ಮಾರು ಉಳಿದಿದ್ದಾಗ ಮೋಟಾರು ಬಂತು. ಸಾಹೇಬರು ಇಳಿದವರೇ ಕಾವಲಿನವನೆಲ್ಲಿ ಎಂದು ಕೇಳಿದರು. ರಾಚಮ್ಮ ಕೈ ತೋರಿದಳು.

"ಒಂದು ಕಡ್ಡೀನೂ ಅಲ್ಲಾಡಿಲ್ಲ ಸ್ವಾಮಿ. ಅವ್ರೂವೆ."

ಸಾಹೇಬರು ಟೋಪಿ ತೆಗೆದರು. ರೆಕ್ಕೆಯಿಂದ ಮುದ್ದಯ್ಯನವರೆಗೆ ಒಂದೊಂದನ್ನೂ ನೋಡಿದರು. ಆಮೇಲೆ ತಾವೇ ಹಗ್ಗ ಬಿಚ್ಚಿದರು.

ನಾಲ್ವರು ಎತ್ತಿದರು. ಮುದ್ದಯ್ಯ ಕೂತಿದ್ದ ಜಾಗದಲ್ಲಿ, ವಿಮಾನದ್ದೇ ಆದ, ಮೂಲೆ ಸುಟ್ಟ ಇಂಗ್ಲಿಷ್ ಬರಹದ ಹಾಳೆಯೊಂದು ನೆಲಕ್ಕೆ ಒತ್ತಿಕೊಂಡಿತ್ತು. ಅದನ್ನು ಅವನು ಎತ್ತಿಡುವಂತಿರಲಿಲ್ಲ, ಗಾಳಿಗೆ ಹಾರಲು ಬಿಡುವಂತೆಯೂ ಇರಲಿಲ್ಲ. ಭಾರ ಸರಿದದ್ದೇ ಗಾಳಿಗೆ ಅದರ ಅಂಚು ಮೆಲ್ಲನೆ ಎದ್ದಿತು.

ರಾಚಮ್ಮ ಕುಕ್ಕರುಗಾಲಲ್ಲಿ ಕೂತು, ಸಾಹೇಬರು ಬಂದು ಬಗ್ಗಿ ತೆಗೆದುಕೊಳ್ಳುವ ತನಕ, ಅದರ ಮೇಲೆ ಅಂಗೈ ಊರಿಯೇ ಇದ್ದಳು.