ಉರಿದರೆ ಒಳ್ಳೆಯದು

ಔಷಧಿ ಅಂಗಡಿಯಲ್ಲಿ ಮೌತ್‌ವಾಶ್ ಬಾಟಲಿಗಳ ಸಾಲು ಕಂಡರೆ ಇವತ್ತಿಗೂ ಒಂದರ ಮುಚ್ಚಳ ತೆಗೆದು ಮೂಸೋಣ ಅನ್ನಿಸುತ್ತದೆ. ಅಪ್ಪನೂ ಇಲ್ಲ, ಅವನ ಕ್ಷೌರದಂಗಡಿಯೂ ಇಲ್ಲ. ಆ ವಾಸನೆ ಮಾತ್ರ ಉಳಿದಿದೆ. ಕನ್ನಡಿಯ ಮುಂದೆ ಕತ್ತರಿ, ಬಾಚಣಿಗೆ, ಪೌಡರ್ ಡಬ್ಬಿ, ಪಕ್ಕದಲ್ಲಿ ಕಡುನೀಲಿ ಬಾಟಲಿ. ಗಿರಾಕಿ ಕುರ್ಚಿಯಲ್ಲಿ ಕೂರುತ್ತಿದ್ದಂತೆ ಅಪ್ಪ ಹಿಂದಿನ ನಲ್ಲಿಗೆ ಹೋಗಿ, ಒಂದು ಮುಚ್ಚಳ ಬಾಯಿಗೆ ಸುರಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ಮುಕ್ಕಳಿಸುತ್ತಿದ್ದ. "ಇನ್ನೊಬ್ಬರ ಮೂಗಿನ ಹತ್ರ ನಿಂತು ಮಾಡೋ ಕೆಲಸ ನಮ್ಮದು. ಬಾಯಿ ಚೊಕ್ಕಟ ಇರಬೇಕು" ಅನ್ನುತ್ತಿದ್ದ.

ಆದರೆ ಅಪ್ಪನ ಬಾಯಿಯೇ ನಾರುತ್ತಿತ್ತು. ಬೀದಿಗೆಲ್ಲ ಗೊತ್ತಿತ್ತು, ಅವನೊಬ್ಬನಿಗೆ ಗೊತ್ತಿರಲಿಲ್ಲ. ನೀಲಿ ಬಾಟಲಿಯ ಘಮ ಅರ್ಧ ಗಡ್ಡ ಮುಗಿಯುವಷ್ಟರಲ್ಲಿ ಕೈಕೊಡುತ್ತಿತ್ತು. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಮೂಲೆಯ ಹೊಸ ಅಂಗಡಿಗೆ ಜಾರಿಕೊಂಡರು. "ನನ್ನ ಕೈಯೇ ಕೆಟ್ಟಿತೇನೋ" ಎಂದು ಅಪ್ಪ ಕತ್ತಿಯನ್ನು ಮತ್ತೆ ಮತ್ತೆ ಮಸೆಯುವುದನ್ನು ನೋಡಿದರೆ ನನಗೆ ಬೀದಿಯ ಮೇಲೆಲ್ಲ ಸಿಟ್ಟು ಬರುತ್ತಿತ್ತು.

ನಾನೇ ಹೇಳಿಬಿಡುತ್ತೇನೆ ಎಂದು ಹೊರಟರೆ ಅಮ್ಮ ಕಣ್ಣು ಕೆಂಪಗೆ ಮಾಡುತ್ತಿದ್ದಳು. "ನಿನ್ನ ಬಾಯಿಗೆ ಬೀಗ ಹಾಕು. ಹೇಳೋದಿದ್ರೆ ನಾನೇ ಹೇಳ್ತೀನಿ." ಇವತ್ತು, ನಾಳೆ ಎಂದು ದಿನ ತಳ್ಳಿದಳೇ ಹೊರತು ಹೇಳಲಿಲ್ಲ. ಬೇರೆಲ್ಲ ವಿಷಯದಲ್ಲಿ ಅಪ್ಪನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳುವ ಹೆಂಗಸು!

ಒಂದು ಸಂಜೆ ಬೀದಿಗೆ ಹೊಸದಾಗಿ ಬಂದಿದ್ದ ಹಲ್ಲಿನ ಡಾಕ್ಟರು ಗಡ್ಡ ಮಾಡಿಸಲು ಬಂದರು. ಕಾಲೇಜು ಮುಗಿಸಿ, ಒಗೆದ ಟವೆಲ್ಲುಗಳನ್ನು ಕೊಡಲು ಹೋಗಿದ್ದ ನಾನು ಅಲ್ಲೇ ಇದ್ದೆ. ಒಂದು ಕೆನ್ನೆ ಮುಗಿಯುತ್ತಲೇ ಡಾಕ್ಟರು ಅಪ್ಪನ ಕೈ ತಡೆದರು.

"ಕತ್ತಿ ಕೆಳಗಿಡಿ ಯಜಮಾನ್ರೇ. ನೀವು ಕೂತ್ಕೊಳ್ಳಿ."

ಅಷ್ಟು ವರ್ಷ ಆ ಕುರ್ಚಿಯ ಹಿಂದೆ ನಿಂತವನು ಗಿರಾಕಿಯಂತೆ ಅದರಲ್ಲಿ ಕೂತ. ಇನ್ನೊಂದು ಕೆನ್ನೆಯ ನೊರೆಯನ್ನೂ ಒರೆಸಿಕೊಳ್ಳದೆ ಡಾಕ್ಟರು ಬಗ್ಗಿ, ಅವನ ಬಾಯಿ ತೆರೆಸಿ ನೋಡಿದರು.

"ಒಸಡಲ್ಲಿ ರಕ್ತ ಬರುತ್ತಾ?"

"ಬರ್ತಿತ್ತು. ಅದಕ್ಕೇ ಆ ಕಡೆ ಬ್ರಷ್ ಮಾಡೋದೇ ಬಿಟ್ಟೆ."

"ಬಿಟ್ಟೇಬಿಟ್ರಾ?"

"ಕತ್ತಿ ತಾಗಿದ ಜಾಗದಲ್ಲಿ ಮತ್ತೆ ಕತ್ತಿ ಆಡಿಸ್ತಾರಾ ಡಾಕ್ಟ್ರೇ? ಲೋಷನ್ ಹಚ್ಚಿ ಬಿಡಬೇಕು. ಉರಿದ್ರೆ ಒಳ್ಳೇದು, ವಾಸಿ ಆಗ್ತಿದೆ ಅಂತ ಲೆಕ್ಕ."

ಡಾಕ್ಟರು ನಕ್ಕ ರಭಸಕ್ಕೆ ನೊರೆ ಅಪ್ಪನ ಅಂಗಿಯ ಮೇಲೆ ಬಿತ್ತು. "ಗಡ್ಡದ ಲೆಕ್ಕ ಹಲ್ಲಿಗೆ ಹಾಕಿದ್ರಲ್ಲ! ರಕ್ತ ಬರೋ ಕಡೆನೇ ಮೆತ್ತಗೆ ಉಜ್ಜಬೇಕು, ಕೊಳೆ ಕೂತಿರೋದೇ ಅಲ್ಲಿ. ಈ ನೀಲಿ ನೀರು ವಾಸನೆ ಮುಚ್ಚಿತೇ ಹೊರತು ಕೊಳೆ ತೆಗೀಲಿಲ್ಲ."

"ವಾಸನೆನಾ?" ಎಂದ ಅಪ್ಪ ನನ್ನ ಕಡೆ ತಿರುಗಿದ. ನಾನು ಟವೆಲ್ ಮಡಿಸುತ್ತಾ ನೆಲ ನೋಡಿದೆ. ಅಷ್ಟರಲ್ಲೇ ಅವನಿಗೆ ಎಲ್ಲ ಅರ್ಥವಾಗಿಹೋಯಿತು.

ಡಾಕ್ಟರು ನಗು ನಿಲ್ಲಿಸಿ ಸಮಾಧಾನವಾಗಿ ಹೇಳಿದರು. ನಾಳೆ ಕ್ಲಿನಿಕ್ಕಿಗೆ ಬಂದರೆ ಹಲ್ಲಿಗೆ ಕಟ್ಟಿದ ಪಾಚಿ ತೆಗೆಯುತ್ತೇನೆ. ಬೆಳಿಗ್ಗೆ, ರಾತ್ರಿ ಬ್ರಷ್ ತಪ್ಪಿಸಬೇಡಿ. ಉಜ್ಜಿದ ಕೂಡಲೇ ಮುಕ್ಕಳಿಸಿದರೆ ಪೇಸ್ಟಿನ ಸತ್ವವೆಲ್ಲ ತೊಳೆದುಹೋಗುತ್ತದೆ, ಸುಮ್ಮನೆ ಉಗುಳಿಬಿಡಿ. ಮೌತ್‌ವಾಶ್ ಬೇಕೇ ಬೇಕು ಅನ್ನಿಸಿದರೆ ಮಧ್ಯಾಹ್ನ ಊಟವಾದ ಮೇಲೆ, ಅದೂ ಉರಿಯದಂಥದ್ದು.

"ಉರಿಯದಿದ್ರೆ ಅದೆಂಥ ಔಷಧಿ" ಎಂದು ಅಪ್ಪ ಗೊಣಗಿದ. ಉಳಿದರ್ಧ ಗಡ್ಡವನ್ನು ಉಸಿರು ಬಿಗಿಹಿಡಿದುಕೊಂಡೇ ಮುಗಿಸಿದ.

ಮನೆಗೆ ಬಂದವನು ಬಾಗಿಲಲ್ಲೇ ನಿಂತ. "ನಿನಗೆ ಗೊತ್ತಿತ್ತೇನೇ?"

ಅಮ್ಮ ನನ್ನ ಮುಖ ನೋಡಿದಳು. "ಗೊತ್ತಿತ್ತು."

"ಗಿರಾಕಿಗಳೆಲ್ಲ ಬಿಟ್ಟುಹೋದ್ರಲ್ಲೇ. ಒಂದು ಮಾತು ಹೇಳಬಾರದಿತ್ತಾ?"

ಅಮ್ಮನ ಕಣ್ಣು ತುಂಬಿ ಬಂತು. "ದಿನಾ ಬಂದು ಅಂಗಡಿ ಸುದ್ದಿನೆಲ್ಲ ನನ್ನ ಕಿವೀಲಿ ಪಿಸುಗುಟ್ತೀರಲ್ಲ. ಹೇಳಿದ್ರೆ ಇನ್ಮೇಲೆ ದೂರ ಕೂತು ಮಾತಾಡ್ತೀರಿ ಅನ್ನಿಸ್ತು ರೀ."

ಅಪ್ಪ ಅವಳಿಂದ ದೂರ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತ. ಅಮ್ಮ ಕುರ್ಚಿ ಎಳೆದುಕೊಂಡು ಬಂದು, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತು, "ಇವತ್ತೇನಾಯ್ತು, ಹೇಳಿ" ಎಂದಳು.