ಸೇಂದಿ ದಾರು ಅಲ್ಲ ಎಂದವರ ಕಾರು

ನಮ್ಮ ಕಡೆ ಬಿಸಿಲು ಏರಿತೆಂದರೆ ಈಚಲ ಮರದ ಸೇಂದಿಯ ಮಾತು ಬರುತ್ತದೆ. ಕುಡಿಯುವವರನ್ನು ಕೇಳಿ ನೋಡಿ, ಒಬ್ಬರೂ ‘ಕುಡಿದೆ’ ಎನ್ನುವುದಿಲ್ಲ. ‘ಮೈಗೆ ತಂಪು ಅಂತ ಜರಾ ತಗೊಂಡೆ’ ಎನ್ನುತ್ತಾರೆ. ಡಾಕ್ಟರೇ ಬರೆದುಕೊಟ್ಟ ಔಷಧಿ ಎನ್ನುವ ಹಾಗೆ ಹೇಳುತ್ತಾರೆ. ಈ ತಂಪಿನ ಮಾತು ಕೇಳಿ ಕೇಳಿ ನನಗಂತೂ ತಲೆ ಬಿಸಿಯಾಗಿದೆ.

ನಾನು ಪಂಚಶೀಲಾ. ಕಲಬುರಗಿ ಹತ್ತಿರದ ಕಮಲಾಪುರದಲ್ಲಿ ನಮ್ಮ ಓಣಿಯ ಮಹಿಳಾ ಸಂಘದಲ್ಲಿದ್ದೇನೆ. ಕಾನೂನು ಸೇವಾ ಸಮಿತಿಯವರು ನನಗೆ ತರಬೇತಿ ಕೊಟ್ಟು ಸ್ವಯಂಸೇವಕಿ ಮಾಡಿದ್ದಾರೆ. ಜನರಿಗೆ ಕೋರ್ಟು, ಠಾಣೆ, ಕಚೇರಿಗಳ ದಾರಿ ತೋರಿಸುವುದು ನನ್ನ ಕೆಲಸ. ಹಾಗಾಗಿ ಓಣಿಯಲ್ಲಿ ಯಾರ ಮನೆಯಲ್ಲಿ ಏನಾದರೂ ಮೊದಲು ನನ್ನ ಬಾಗಿಲು ಬಡಿಯುತ್ತಾರೆ.

ಹೋದ ಮಾರ್ಚ್‌ನಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಬಾಗಿಲು ಬಡಿದವರು ಪಕ್ಕದ ಮನೆಯ ಶಿವಕಾಂತಮ್ಮ ಕಾಕಿ.

“ಪಂಚಶೀಲಾ, ನಮ್ಮ ಗಾಡಿ ಪೊಲೀಸ್ರು ಒಯ್ದಾರ ಯವ್ವಾ! ನಿನ್ನಿ ಸಂಜಿಗಿ ದಿಲೀಪಗ ಹಿಡದು, ಬಾಯಾಗ ಮಿಷಿನ್ ಇಟ್ಟು ಊದಿಸ್ಯಾರ. ಅವನಿಗಿ ಜಾಮೀನಿನ ಮ್ಯಾಲ ಬಿಟ್ಟಾರ, ಗಾಡಿ ಮಾತ್ರ ಬಿಟ್ಟಿಲ್ಲ. ಗುರುವಾರ ನಿಮ್ಮ ಕಾಕಾಗ ಹ್ಯಾಂಗ್ ಒಯ್ಯಬೇಕು?”

ಕಾಕಿಯ ಗಂಡ ದತ್ತಪ್ಪ ಕಾಕಾನವರ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ಸೋಮವಾರ, ಗುರುವಾರ ಕಲಬುರಗಿಗೆ ಹೋಗಿ ನಾಲ್ಕು ತಾಸು ಡಯಾಲಿಸಿಸ್‌ಗೆ ಮಲಗಬೇಕು. ಮುಗಿದಾಗ ಕೈಕಾಲಲ್ಲಿ ಬಲವೇ ಇರುವುದಿಲ್ಲ. ಬಸ್ಸಿನಲ್ಲಿ ಎರಡು ಸಲ ತಲೆಸುತ್ತಿ ಬಿದ್ದರು. ಆಮೇಲೆ ಮಗ ದಿಲೀಪ ಒಂದು ಹಳೆಯ ಬಿಳಿ ಕಾರು ತಂದು ತಾಯಿಯ ಹೆಸರಿಗೆ ಮಾಡಿಸಿದ. ಆ ಮನೆಗೆ ಕಾರು ಎಂದರೆ ಕಾಕಾನ ಜೀವ, ಅದು ಓಣಿಗೆಲ್ಲ ಗೊತ್ತು.

ನಾನು ಅವರ ಮನೆಗೆ ಹೋದೆ. ಕಾಕಾ ಮಂಚದ ಮೇಲೆ ಕೂತು ಗುಡುಗುತ್ತಿದ್ದರು. ದಿಲೀಪ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ಅವನ ಹೆಂಡತಿ ಮಾಯಾ ರೊಟ್ಟಿ ಬಡಿಯುತ್ತಿದ್ದಳು. ಸಿಟ್ಟೆಲ್ಲ ಹಿಟ್ಟಿನ ಮೇಲೆ ಬೀಳುತ್ತಿತ್ತು.

“ನನ್ನ ಮಗ ಕುಡದೇ ಇಲ್ಲ!” ಕಾಕಾ ನನ್ನನ್ನು ನೋಡಿದ್ದೇ ಶುರುಮಾಡಿದರು. “ಸೇಂದಿ ತಗೊಂಡಾನ. ಸೇಂದಿ ಏನ್ ದಾರು ಏನ್? ಅದು ಗಿಡದ ನೀರು. ನಾನೇ ಹೇಳೀನಿ, ನನ್ನ ಸಲುವಾಗಿ ಬಿಸಲಾಗ ಕಾಯ್ತಿ, ಎರಡು ಗ್ಲಾಸ್ ತಗೊ, ತಂಪಾಗ್ತದ ಅಂತ.”

ಆದದ್ದು ಇಷ್ಟು. ಕಾಕಾ ಆಸ್ಪತ್ರೆಯಲ್ಲಿ ಮಲಗಿದ್ದಾಗ ದಿಲೀಪ ಕಲಬುರಗಿಯ ಅಂಚಿನ ಕಪನೂರಿನಲ್ಲಿ ವರ್ಕ್‌ಶಾಪ್ ಇರುವ ಗೆಳೆಯನ ಹತ್ತಿರ ಹೋಗಿದ್ದ. ಗೆಳೆಯ ರಾಜ್ಯದ ಗಡಿಯಾಚೆಯಿಂದ ಕ್ಯಾನ್ ತುಂಬ ಸೇಂದಿ ತರಿಸಿದ್ದ.

“ಎಷ್ಟು ಕುಡದಿ?” ಎಂದೆ.

“ಎರಡು ಗ್ಲಾಸ್ ಅಕ್ಕಾ.”

“ಗ್ಲಾಸೋ ಚೊಂಬೋ?”

ಮಿಷಿನ್‌ನಿಂದ ಬಂದ ಚೀಟಿ ಕೇಳಿದೆ. ಜೇಬಿನಿಂದ ತೆಗೆದು ಕೊಟ್ಟ. ನೂರಾ ಹದಿನೆಂಟು ಎಂದಿತ್ತು.

“ನೂರು ಮಿಲಿ ರಕ್ತದಾಗ ಮೂವತ್ತು ಮಿಲಿಗ್ರಾಂ ದಾಟಿತಂದ್ರ ಕೇಸು. ಇವಂದು ಮೂರು ಪಟ್ಟು ಮ್ಯಾಲೇ ಅದ. ಕಾಕಾ, ಮಿಷಿನ್‌ಗೆ ಸೇಂದಿ, ಬಿಯರ್, ಬ್ರಾಂಡಿ ಅಂತ ಜಾತಿ ಗೊತ್ತಿಲ್ಲ. ಐತವಾರಕ್ಕೊಮ್ಮಿ ಬುದ್ಧ ವಿಹಾರದಾಗ ಕೈ ಮುಗದು ಐದನೇ ಶೀಲ ಯಾರು ಹೇಳ್ತಾರ? ಅಮಲಿನ ಪದಾರ್ಥ ಮುಟ್ಟೂದಿಲ್ಲ ಅಂತ ನಮಗೆಲ್ಲ ಹೇಳಿಕೊಡಾವ್ರು ನೀವೇ.”

“ಅದು ದಾರೂಗ ಹೇಳಿದ್ದು. ಸೇಂದಿಗಲ್ಲ,” ಎಂದರು ಕಾಕಾ, ಸ್ವಲ್ಪವೂ ನಾಚದೆ. “ಮತ್ತ ನಾ ಗಾಡ್ಯಾಗೇ ಇದ್ದೆ. ಆರಾಮ ಮಕ್ಕೊಂಡಿದ್ದೆ. ನಮ್ಮೂರಿಗಿ ಬಂದ ಮ್ಯಾಲ ಒಮ್ಮಿ ಜೋರಾಗಿ ಬ್ರೇಕ್ ಹಾಕ್ದ, ಅಷ್ಟೇ. ಏನಾಗ್ಯಾದ ಹೇಳು? ಖಾಲಿಪೀಲಿ ಹಿಡದಾರ.”

ಕಾಕಿಗೆ ಈ ವಾದ ಬೇಡವಾಗಿತ್ತು. “ಆಗ್ಲಿ ಬಿಡ್ರಿ. ಹಿಂದ ನಮ್ಮ ಎಮ್ಮಿ ಮಂದಿ ಹೊಲ ಹೊಕ್ಕಿತ್ತಂತ ಕೊಂಡವಾಡಕ್ಕ ಹಾಕಿದ್ರು. ನಾನೇ ಹೋಗಿ ದಂಡ ಕಟ್ಟಿ, ಹಗ್ಗ ಹಿಡದು ಹೊಡಕೊಂಡ್ ಬಂದೆ. ಹಂಗೇ ಇದನ್ನೂ ತರ್ತೀನಿ.”

“ಕಾಕಿ, ಎಮ್ಮಿಗಿ ಕೋರ್ಟ್ ಇರಲಿಲ್ಲ. ಇದಕ್ಕ ಅದ. ದಂಡ ಠಾಣೆದಾಗ ಕಟ್ಟೂದಲ್ಲ, ಜಡ್ಜ್ ಮುಂದ. ಮೊದಲನೇ ಸಲಕ್ಕೇ ಹತ್ತು ಸಾವಿರದ ತನಕ ದಂಡ, ಇಲ್ಲಾ ಆರು ತಿಂಗಳ ತನಕ ಜೈಲು, ಎರಡೂ ಹಾಕಬಹುದು. ದಂಡದ ರಸೀದಿ, ಗಾಡಿ ಬಿಡ್ರಿ ಅನ್ನೋ ಕೋರ್ಟಿನ ಆದೇಶ ಎರಡೂ ಕೈಯಾಗ ಬಂದ ಮ್ಯಾಲೇ ಪೊಲೀಸ್ರು ಕೀಲಿ ಕೊಡ್ತಾರ. ಆರ್‌ಸಿ ನಿಮ್ಮ ಹೆಸರಿಲಿ ಅದ, ಅದಕ್ಕ ನೀವೇ ಬರಬೇಕು. ಆಧಾರ್, ಇನ್ಶೂರೆನ್ಸ್, ಹೊಗಿ ತಪಾಸಣಿ ಚೀಟಿ ಎಲ್ಲ ತಗೋರಿ.”

ಆಗ ದಿಲೀಪ ತಲೆ ಎತ್ತಿದ. “ಅಕ್ಕಾ, ಚಹಾದಂಗಡಿ ಹತ್ರ ಒಬ್ಬಾಂವ ಸಿಕ್ಕಿದ್ದ. ಕೋರ್ಟ್‌ಗೀರ್ಟ್ ಏನೂ ಬ್ಯಾಡ, ಐದು ನಿಮಿಷದಾಗ ಗಾಡಿ ಬಿಡಿಸಿ ಕೊಡ್ತೀನಿ ಅಂದ.”

“ಅವ ಬಿಡಸೂದು ನಿನ್ನ ಜೇಬು, ಗಾಡಿ ಅಲ್ಲ. ಅವನ ಕೈಗಿ ಏನೂ ಕೊಡಬ್ಯಾಡ.”

ನಮ್ಮ ಅದೃಷ್ಟಕ್ಕೆ ಬುಧವಾರವೇ ತಾರೀಖು ಸಿಕ್ಕಿತು. ಎಲ್ಲರಿಗೂ ಹಾಗೆ ಸಿಗುವುದಿಲ್ಲ, ವಾರಗಟ್ಟಲೆ ಕಾಯುವವರೂ ಇದ್ದಾರೆ. ಕಲಬುರಗಿ ಕೋರ್ಟಿನಲ್ಲಿ ಉಚಿತ ವಕೀಲರನ್ನು ಗೊತ್ತು ಮಾಡಿಸಿದೆ. ಕುಡಿದು ಗಾಡಿ ಓಡಿಸಿದ್ದು ಹೌದೇ ಎಂದು ಜಡ್ಜ್ ಕೇಳಿದರು. ದಿಲೀಪ ಹೌದೆಂದ. ದಂಡ ಹಾಕಿದರು. ಇನ್ನೊಮ್ಮೆ ಸಿಕ್ಕರೆ ಎರಡು ವರ್ಷದವರೆಗೂ ಜೈಲಾಗಬಹುದು ಎಂದರು. ಅವನ ಲೈಸೆನ್ಸನ್ನು ಮೂರು ತಿಂಗಳು ಅಮಾನತು ಮಾಡಿದರು. ಹೊರಗೆ ಬಂದಾಗ ಕಾಕಿ ರಸೀದಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡರು.

ಮಧ್ಯಾಹ್ನ ಮೂರಕ್ಕೆ ಕಮಲಾಪುರ ಠಾಣೆ ಮುಟ್ಟಿದೆವು. ಗಾಡಿ ಓಡಿಸಿಕೊಂಡು ಬರಲು ಓಣಿಯ ತಾರಿಖ್ ಬಂದಿದ್ದ. ಅವನು ಕುಡಿಯುವವನಲ್ಲ, ಲೈಸೆನ್ಸೂ ಇದೆ. ಮನೆಯಿಂದ ಮಾಯಾ ಬಂದಳು. ಬೇಡವೆಂದರೂ ಕಾಕಾ ಆಟೋ ಹತ್ತಿ ಬಂದರು. ಎಎಸ್‌ಐ ಇಕ್ಬಾಲ್ ಬೇಗಂ ಕಾಗದಗಳನ್ನು ಒಂದೊಂದಾಗಿ ನೋಡಿದರು. ಜಪ್ತಿ ಮಾಡಿದಾಗ ಗಾಡಿಯಲ್ಲಿ ಏನೇನಿತ್ತು ಎಂಬ ಪಟ್ಟಿ ಕೊಟ್ಟು, “ಸಾಮಾನು ಬರೋಬ್ಬರ್ ಅದಾವೇನು ನೋಡ್ಕೊಂಡು ಆಮ್ಯಾಲ ಸಹಿ ಮಾಡ್ರಿ ಅಮ್ಮಾ,” ಎಂದರು. ಕಾಕಿ ಸ್ಟೆಪ್ನಿ, ಜಾಕ್, ದಿಂಬು ಎಲ್ಲ ನೋಡಿ ಬಂದು ಸಹಿ ಮಾಡಿದರು.

ಅಲ್ಲಿಗೆ ನಮ್ಮ ಕೆಲಸ ಮುಗಿದಿತ್ತು. ನಾವು ಎದ್ದು ಬರಬೇಕಿತ್ತು. ಆದರೆ ಕಾಕಾನ ಬಾಯಿ ಸುಮ್ಮನಿರಬೇಕಲ್ಲ!

“ಮೇಡಂ, ಪೇಶಂಟ್ ಇದ್ದ ಗಾಡಿ ಹಿಡದು ನೀವೇನು ಗಳಿಸಿದ್ರಿ? ನಾ ಒಳಗೇ ಇದ್ದೆ. ನನ್ನ ಮಗ ಬರೋಬ್ಬರ್ ಹೊಡ್ಯಾಕತ್ತಿದ್ದ. ಯಾರಿಗೂ ಏನೂ ಆಗಿಲ್ಲ.”

ಇಕ್ಬಾಲ್ ಬೇಗಂ ಅವರಿಗೆ ಸಿಟ್ಟು ಬರಲಿಲ್ಲ. “ನೀವು ನಿದ್ದಿಯೊಳಗ ಇದ್ರಿ ಅಜ್ಜಾರೆ. ಶಾಲಿ ಎದುರಿನ ಅಂಗಡಿ ಕ್ಯಾಮೆರಾ ಎಚ್ಚರ ಇತ್ತು. ನೋಡ್ರಿ,” ಎಂದು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು.

ಹೆದ್ದಾರಿ. ಸಂಜೆ ನಾಲ್ಕು ಇಪ್ಪತ್ತು. ಶಾಲೆ ಬಿಟ್ಟಿದೆ. ಹೋಮ್‌ಗಾರ್ಡ್ ಒಬ್ಬರು ಕೈ ಅಡ್ಡ ಹಿಡಿದು ಲಾರಿ, ಬಸ್ಸು ನಿಲ್ಲಿಸಿದ್ದಾರೆ. ಹೆಣ್ಣುಮಕ್ಕಳು ಸಾಲಾಗಿ ರಸ್ತೆ ದಾಟುತ್ತಿದ್ದಾರೆ. ಕೊನೆಯ ಹುಡುಗಿಯ ಚಪ್ಪಲಿ ಕಳಚಿತು, ಬಗ್ಗಿದಳು. ಆಗ ನಿಂತ ಲಾರಿಯ ಪಕ್ಕದಿಂದ ಬಿಳಿ ಕಾರು ನುಗ್ಗಿ ಬಂತು. ಅದಕ್ಕೆ ವೇಗ ತಗ್ಗಿಸುವ ಯೋಚನೆಯೇ ಇದ್ದಂತಿರಲಿಲ್ಲ. ಹೋಮ್‌ಗಾರ್ಡ್ ಹಾರಿ ಆ ಹುಡುಗಿಯ ಬೆನ್ನಿನ ಚೀಲ ಹಿಡಿದು ಎಳೆದರು. ಅವಳು ಬಗ್ಗಿದ್ದ ಜಾಗವನ್ನು ದಾಟಿ ಕಾರು ನಿಂತಿತು. ಚಪ್ಪಲಿ ಗಾಲಿಯ ಕೆಳಗೆ ಹೋಯಿತು.

ಹುಡುಗಿ ಎದ್ದು ನಿಂತು ಕಾರಿನ ಗಾಜಿನೊಳಗೆ ನೋಡಿದಳು. ಆಮೇಲೆ ತಿರುಗಿ ಓಡಿಬಿಟ್ಟಳು.

ಮಾಯಾ ಕಿರುಚಿದ ಸದ್ದಿಗೆ ಠಾಣೆಯಲ್ಲಿದ್ದವರೆಲ್ಲ ಎದ್ದರು. “ನಮ್ಮ ಪ್ರೀತಿ! ಯವ್ವಾ, ಅದು ನಮ್ಮ ಪ್ರೀತಿ!”

ನನ್ನ ಕೈಯಲ್ಲಿದ್ದ ಕಾಗದಗಳು ಕೆಳಗೆ ಬಿದ್ದವು, ಎತ್ತಿಕೊಳ್ಳುವ ಎಚ್ಚರವೂ ಇರಲಿಲ್ಲ. ಪ್ರೀತಿ ದಿಲೀಪನ ಮಗಳು. ಐದನೆಯ ತರಗತಿ. ಆ ಶಾಲೆಗೇ ಹೋಗುತ್ತಾಳೆ, ಆ ಹೊತ್ತಿಗೇ ರಸ್ತೆ ದಾಟುತ್ತಾಳೆ. ಅದು ನಮಗೆಲ್ಲ ಗೊತ್ತಿದ್ದದ್ದೇ. ಆದರೂ ಎರಡು ದಿನ ಗಾಡಿ, ಗಾಡಿ ಎಂದು ಬಡಿದುಕೊಂಡೆವೇ ಹೊರತು, ಆ ಬ್ರೇಕ್ ಯಾರ ಮುಂದೆ ಹಾಕಿದ್ದು ಎಂದು ನಾವ್ಯಾರೂ ಕೇಳಿರಲಿಲ್ಲ. ಕಾನೂನು ಬಲ್ಲೆ ಎಂದು ಎದೆ ಸೆಟೆಸಿ ತಿರುಗುವ ನಾನೂ ಕೇಳಿರಲಿಲ್ಲ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಇಕ್ಬಾಲ್ ಬೇಗಂ ಕೂಡ ಬೆಚ್ಚಿದರು. “ನಿಮ್ಮ ಮಗಳಾ? ಆ ಕೂಸು ನಿಲ್ಲಲೇ ಇಲ್ಲ. ಯಾರ ಮನಿದು ಅಂತ ನಮಗೂ ಗೊತ್ತಾಗ್ಲಿಲ್ಲ.”

ದಿಲೀಪ ಪರದೆಯನ್ನೇ ನೋಡುತ್ತಿದ್ದ. “ನಂಗ ಕಾಣಲಿಲ್ಲ,” ಎಂದ. “ಯಾವುದೋ ಹುಡುಗಿ ಅಡ್ಡ ಬಂತು ಅಂದ್ಕೊಂಡೆ. ನಾ ಬೈದೆ. ನನ್ನ ಮಗಳಿಗೇ ಬೈದೆ.” ಅಲ್ಲೇ ನೆಲದ ಮೇಲೆ ಕುಸಿದು ಅಳತೊಡಗಿದ.

ಗಾಡಿಯನ್ನು ತಾರಿಖ್ ಮನೆಗೆ ತಂದ. ಮಾಯಾ ಓಡಿಹೋಗಿ ಮಗಳನ್ನು ಅಪ್ಪಿಕೊಂಡಳು. “ಯಾಕ ಹೇಳಲಿಲ್ಲ ಪ್ರೀತಿ? ಯಾಕ ಹೇಳಲಿಲ್ಲ?”

“ಹೇಳಿದ್ರ ಪೊಲೀಸ್ರು ಅಪ್ಪಗ ಜೇಲಿಗಿ ಹಾಕ್ತಾರಂತ ಗೆಳತಿ ಅಂದಳು,” ಎಂದಿತು ಮಗು. “ಹಾಕಿದ್ರ ಅಜ್ಜಾಗ ದವಾಖಾನಿಗಿ ಯಾರು ಒಯ್ತಾರ?”

ಹತ್ತು ವರ್ಷದ ಕೂಸು ಇಷ್ಟೆಲ್ಲ ಒಂಟಿಯಾಗಿ ಹೊತ್ತುಕೊಂಡಿತ್ತು. ನಾವು ದೊಡ್ಡವರು ಸೇಂದಿ ದಾರು ಹೌದೋ ಅಲ್ಲವೋ ಎಂದು ವಾದ ಮಾಡುತ್ತ ಕೂತಿದ್ದೆವು. ಆ ರಾತ್ರಿ ಎರಡು ಮನೆಗಳಲ್ಲೂ ಯಾರೂ ಸರಿಯಾಗಿ ಉಣ್ಣಲಿಲ್ಲ.

ಗುರುವಾರ ಬೆಳಗಾಯಿತು. ತಾರಿಖ್‌ಗೆ ಕಪನೂರಿನ ಕಾರ್ಖಾನೆಯಲ್ಲಿ ಪಾಳಿ ಇತ್ತು, ಅವನು ಬರುವಂತಿರಲಿಲ್ಲ. ಕಾಕಾ ಆಸ್ಪತ್ರೆಯ ಫೈಲು ಹಿಡಿದು ಹೊರಗೆ ಬಂದರು. ಮೂರು ದಿನದ ನೀರು ಮೈಯಲ್ಲಿ ನಿಂತು ಮುಖ ಬಾತುಕೊಂಡಿತ್ತು. ದಿಲೀಪ ಕಾರಿನ ಬಾಗಿಲು ತೆರೆದು ನಿಂತಿದ್ದ.

“ಅಪ್ಪಾ, ನಾ ಒಂದು ಹನಿ ಮುಟ್ಟಿಲ್ಲ, ಇನ್ನ ಮುಟ್ಟೂದೂ ಇಲ್ಲ. ಲೈಸೆನ್ಸ್ ಇಲ್ಲಂದ್ರ ಏನಾತು, ಇದೊಂದು ದಿನ ಯಾರು ನೋಡ್ತಾರ? ಕುಂದರ್ರಿ.”

ನಾನು ಬಾಯಿ ಹಾಕುವ ಮೊದಲೇ ಕಾಕಾ ಹೇಳಿದರು, “ಕೀಲಿ ನಿಮ್ಮವ್ವನ ಕೈಯಾಗ ಕೊಡು. ನಾ ಬಸ್ಸಿಗಿ ಹೋಗ್ತೀನಿ.”

“ಬರೂ ಮುಂದ ಬಸ್ಸಿನ್ಯಾಗ ಬಿದ್ರ?”

“ಬಿದ್ರ ನಾ ಒಬ್ಬಾಂವ ಬೀಳ್ತೀನಿ.” ಕಾಕಾ ಕಾರಿನ ಬಾಗಿಲು ಮುಚ್ಚಿದರು. “ಕುಡಿ ಅಂತ ನಿನಗ ಹೇಳಿದಾಂವ ನಾನು. ತಂಪು ಅಂದೆ. ದಾರೂನೇ ಅದು, ಪಂಚಶೀಲಾ. ದಾರೂನೇ.”

ದಿಲೀಪ ಕೀಲಿ ಕೊಟ್ಟ. ತಂದೆಯ ತೋಳು ಹಿಡಿದು ಬಸ್ ನಿಲ್ದಾಣದ ಕಡೆ ನಡೆದ. ಮೂರು ತಿಂಗಳು, ವಾರಕ್ಕೆ ಎರಡು ಸಲ, ಇಬ್ಬರೂ ಹಾಗೆಯೇ ಹೋಗಿ ಬಂದರು.

ಅಕ್ಕಂದಿರೆ, ಅಣ್ಣಂದಿರೆ, ಗಾಡಿ ಬಿಡಿಸುವ ದಾರಿ ಹೇಳಿದ್ದೇನೆ. ಕೋರ್ಟಿಗೆ ನೇರವಾಗಿ ಹೋಗಿ, ದಲ್ಲಾಳಿಯನ್ನು ನಂಬಬೇಡಿ. ದಾರಿ ತಿಳಿಯದಿದ್ದರೆ 15100ಕ್ಕೆ ಫೋನ್ ಮಾಡಿ, ಕಾನೂನು ನೆರವಿನವರು ಹೇಳುತ್ತಾರೆ. ಆದರೆ ನನ್ನ ಕೇಳಿಕೆ ಅದಲ್ಲ. ಸೇಂದಿಯಾಗಲಿ, ಬಿಯರ್ ಆಗಲಿ, ಒಂದೇ ಗ್ಲಾಸ್ ಆಗಲಿ, ಕುಡಿದ ದಿನ ಕೀಲಿ ಮುಟ್ಟಬೇಡಿ. ಮನೆಯಲ್ಲಿ ಯಾರಾದರೂ ಕುಡಿದು ಕೀಲಿ ಕೇಳಿದರೆ, ಬೈದರೂ ಸರಿ, ಕೊಡಬೇಡಿ. ಠಾಣೆಯಿಂದ ಗಾಡಿಯನ್ನು ವಾಪಸು ತರಬಹುದು. ರಸ್ತೆಯಲ್ಲಿ ನಿಮ್ಮ ಮುಂದೆ ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿರುವ ಮಗು ಯಾರದೆಂದು ನಿಮಗೆ ತಿಳಿಯುವುದಿಲ್ಲ. ಹೆತ್ತ ತಂದೆಗೇ ತಿಳಿಯಲಿಲ್ಲ.