ಊದುಬತ್ತಿ ಹಚ್ಚದ ಮನೆ

ಜಲಜಾ ಹಚ್ಚಿಟ್ಟ ಊದುಬತ್ತಿಯನ್ನು ಗುಲಾಬಿ ಕಿತ್ತು, ಬಾಲ್ಕನಿಗೆ ಒಯ್ದು, ಹೂಕುಂಡದ ಮಣ್ಣಿಗೆ ಒತ್ತಿ ಆರಿಸಿದಳು. ಬೆಳಗಿನಿಂದ ಇದು ಎರಡನೆಯ ಸಲ.

"ಎಂತ ಮಾಡ್ತಿದ್ದಿ ಗುಲಾಬಿ?" ಜಲಜಾ ತಮ್ಮನ ತಲೆಯ ಬಳಿಯಿಂದ ಏಳದೆಯೇ ಕೇಳಿದಳು. "ಹೆಣದ ಹತ್ರ ಊದುಬತ್ತಿ ಇಲ್ಲದೆ ಆಗ್ತದಾ?"

"ಅವರ ಮೂಗು ಹಾಳಾಗ್ತದೆ ಅತ್ತಿಗೆ."

"ಇನ್ನು ಯಾವ ಮೂಗು ಮಾರಾಯ್ತಿ."

ಮಗಳು ಸಮೀಕ್ಷಾ ಗುಲಾಬಿಯ ಕೈ ಹಿಡಿದಳು. "ಇಟ್ಸ್ ಓಕೆ ಲಾ ಅಮ್ಮ. ಲೆಟ್ ಹರ್."

ಗುಲಾಬಿ ಮಗಳ ಕೈ ಬಿಡಿಸಿಕೊಂಡಳು. ನಿನ್ನೆ ಸಂಜೆ ಬಚ್ಚಲಲ್ಲಿ ಕುಸಿದ ಅವಳ ಗಂಡ ಜಯಕರ ಈಗ ನಡುಮನೆಯಲ್ಲಿ ಮಲಗಿದ್ದ. ಮಲೇಷ್ಯಾದ ಕ್ಲಾಂಗ್ ಬಂದರಿನ ಗೋದಾಮಿನಲ್ಲಿ ಫ್ರಾನ್ಸಿನಿಂದ ಬಂದಿಳಿಯುವ ಕೆಂಪು ವೈನನ್ನು ಮೂಸಿ, ರುಚಿ ನೋಡಿ, ಯಾವುದನ್ನು ಕೊಳ್ಳಬೇಕೆಂದು ಹೇಳುವುದು ಅವನ ಕೆಲಸವಾಗಿತ್ತು. ಶಂಕರಪುರದ ಮಲ್ಲಿಗೆ ತೋಟದ ಮನೆಯಿಂದ ಬಂದ ಗುಲಾಬಿ ಆ ಮೂಗಿಗಾಗಿ ಹೂವು ಬಿಟ್ಟಿದ್ದಳು. ದೇವರ ಮುಂದೆ ಬರಿಯ ದೀಪ. ಒಣಮೀನು, ಮರುದಿನ ರಜೆಯಿರುವ ಶನಿವಾರ ರಾತ್ರಿ ಮಾತ್ರ.

ಬಾಗಿಲ ಹೊರಗೆ ಗಂಡಸರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

"ವೈನ್ ಕಂಪನಿಯಲ್ಲಿದ್ದು ಪುಣ್ಯಾತ್ಮ ಬೀದಿಬದಿಯ ಮಾಮಕ್ ಹೋಟೆಲಲ್ಲಿ ಚಾ ಕುಡೀತಿದ್ದ," ನೆರೆಯ ಸುಬ್ರಾಯ ಹೇಳಿದ. "ಅದಾದ್ರೂ ಯಾವಾಗ? ಕೆಲಸ ಮುಗಿದ ಮೇಲೆ. ಮೊದಲು ಕುಡಿದ್ರೆ ಮೂಗು ಕೆಡ್ತದಂತೆ."

ಯಾರೋ ನಕ್ಕು, ತಕ್ಷಣ ಕೆಮ್ಮಿದರು.

*

ಕಳೆದ ವರ್ಷ ಇಲ್ಲಿಯ ಹಣ ರಿಂಗಿಟ್‌ನ ಬೆಲೆ ಬಿದ್ದಾಗ ಜಯಕರ ಊಟಕ್ಕೆ ಕುಳಿತು ವಿವರಿಸಿದ್ದ.

"ದೊಡ್ಡ ಷಾಟೋದ, ಅಂದ್ರೆ ಹೆಸರಾದ ದ್ರಾಕ್ಷಿ ತೋಟದ ವೈನ್ ಈಗ ಹೋಟೆಲಿನವರಿಗೆ ಗಿಟ್ಟುದಿಲ್ಲ. ಎಲ್ಲರಿಗೂ ಸೆಕೆಂಡ್ ಲೇಬಲ್ ಬೇಕು."

"ಅದೆಂತದು?"

"ಅದೇ ತೋಟ, ಅದೇ ಕೈ. ಎಳೆ ಬಳ್ಳಿಯ ಹಣ್ಣಿಂದು, ಇಲ್ಲದಿದ್ರೆ ಅವರ ದೊಡ್ಡ ಹೆಸರಿಗೆ ಸಾಲದೆ ಉಳಿದ ಪೀಪಾಯಿದು. ಬೇರೆ ಹೆಸರಿಟ್ಟು ಮಾರ್ತಾರೆ."

"ಒಳ್ಳೆದಿರ್ತದಾ?"

"ಕೆಲವು ಒಳ್ಳೆದು, ಕೆಲವು ನೀರು. ದೊಡ್ಡದನ್ನು ಹೆಸರು ನೋಡಿ ತಗೊಳ್ಬಹುದು. ಇದಕ್ಕೆ ಮೂಗೇ ಬೇಕು."

ಮರುದಿನದಿಂದ ಗುಲಾಬಿ ಬೆಳ್ಳುಳ್ಳಿಯ ಒಗ್ಗರಣೆಯನ್ನೂ ಬಿಟ್ಟಳು.

ಸುಮಾತ್ರಾದ ಕಾಡ್ಗಿಚ್ಚಿನ ಹೊಗೆ ಸಮುದ್ರ ದಾಟಿ ಬಂದು ಊರನ್ನು ಮುಚ್ಚಿ ಸರಿದ ಮೇಲೆ, ಒಂದು ಸಂಜೆ ಅವನು ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ತಂದಿದ್ದ. ತಮಿಳರ ಹೂವಿನಂಗಡಿಯದು.

"ಮುಡ್ಕೊ."

"ನಾಳೆ ಕೆಲಸ ಉಂಟಲ್ಲ ನಿಮಗೆ?"

"ಇರಲಿ. ಒಂದು ದಿನ ಮುಡ್ಕೊ."

"ನಿಮಗೆ ತಮಾಷೆ. ಆಮೇಲೆ ಮೂಗು ಕೆಟ್ಟರೆ ಯಾರು ಹೊಣೆ?" ಅವಳು ಹೂವನ್ನು ಪಕ್ಕದ ಮನೆಯ ತಮಿಳು ಹೆಂಗಸಿಗೆ ಕೊಟ್ಟು ಬಂದಳು. ಹಿಂದಿರುಗಿದಾಗ ಜಯಕರ ಬಾಗಿಲಲ್ಲೇ ನಿಂತಿದ್ದ. ಚಪ್ಪಲಿಯನ್ನೂ ಕಳಚಿರಲಿಲ್ಲ.

*

ಗೋದಾಮಿನಲ್ಲಿ ಜಯಕರನ ಕೈಕೆಳಗಿದ್ದ ಮೈಸೂರಿನ ಲೋಕೇಶ ಬಂದು ಕೈಮುಗಿದು ಕುಳಿತ. ಜಲಜಾ ಮತ್ತೆ ಬೆಂಕಿಪೆಟ್ಟಿಗೆ ಎತ್ತಿಕೊಂಡಿದ್ದಳು.

"ಲೋಕೇಶ, ನೀವಾದ್ರೂ ಇವರಿಗೆ ಹೇಳಿ," ಎಂದಳು ಗುಲಾಬಿ. "ಅವರ ಮೂಗಿನ ವಿಷಯ."

ಲೋಕೇಶ ತಲೆಯೆತ್ತಿದ. "ನಿಮ್ಗೆ ಗೊತ್ತಿತ್ತಾ ಅಕ್ಕ?"

ಗುಲಾಬಿ ಅವನತ್ತ ತಿರುಗಿದಳು. ಅವನು ಅದನ್ನು ಹೌದೆಂದೇ ತಿಳಿದ.

"ಸದ್ಯ, ಅಣ್ಣ ಹೇಳ್ಕೊಂಡಿದ್ರಲ್ಲ. ಆ ಹೊಗೆ ಟೈಮಲ್ಲಿ ಜ್ವರ ಬಂದಾಗ ಮೂಗಿಗೆ ವಾಸನೆ ಹೋಗಿದ್ದು ವಾಪಸ್ ಬರ್ಲೇ ಇಲ್ಲ. ನಾನು ಮೂಸಿ ಹೇಳ್ತಿದ್ದೆ, ಅಣ್ಣ ನಾಲಿಗೆ ಮೇಲಿಟ್ಟು ಮಿಕ್ಕಿದ್ದು ಹೇಳೋರು. ಆಫೀಸಲ್ಲಿ ಯಾರ್ಗೂ ಗೊತ್ತಿಲ್ಲ. 'ಮನೇಲಿ ಹೇಳ್ಬೇಡ, ಅವಳು ನನ್ನ ಮೂಗಿಗಾಗಿ ಹೂವೇ ಬಿಟ್ಟಿದ್ದಾಳೆ' ಅಂತಿದ್ರು."

ಜಲಜಾಳ ಕೈಯಲ್ಲಿ ಕಡ್ಡಿ ಉರಿದು ಬೆರಳು ಸುಟ್ಟಿತು. ಅವಳು ಇನ್ನೊಂದು ಗೀರಿ ಊದುಬತ್ತಿ ಹಚ್ಚಿದಳು. ಈ ಸಲ ಗುಲಾಬಿ ಏಳಲಿಲ್ಲ. ಹೊಗೆ ನೆಟ್ಟಗೆ ಮೇಲೆದ್ದು ಫ್ಯಾನಿನ ಕೆಳಗೆ ಚದುರಿತು.

ಮಧ್ಯಾಹ್ನ ಹೆಂಗಸರು ಹೂವು ತಂದರು. ಹೆಣ ಎತ್ತುವ ಮುಂಚೆ ಹೆಂಡತಿಗೆ ಕೊನೆಯದಾಗಿ ಮುಡಿಸಿ, ಆಮೇಲೆ ತೆಗೆಯಬೇಕು.

"ದಿಸ್ ಈಸ್ ಕ್ರುಯೆಲ್," ಸಮೀಕ್ಷಾ ಅಡ್ಡ ನಿಂತಳು. "ಕೊಟ್ಟು ತಗೊಳ್ಳೋದು. ವೈ?"

"ಮುಡಿಸ್ಲಿ ಬಿಡು," ಎಂದಳು ಗುಲಾಬಿ.

ಒತ್ತಾಗಿ ಕಟ್ಟಿದ ಮಲ್ಲಿಗೆ. ಅದರ ಭಾರಕ್ಕೆ ಕುತ್ತಿಗೆ ಸುಮ್ಮನೆ ಹಿಂದಕ್ಕೆ ಜಗ್ಗಿದಂತಾಯಿತು. ಕೆಳಗೆ ವ್ಯಾನು ಬಂದಿತ್ತು. ಗಂಡಸರು ಚಟ್ಟದ ಎರಡೂ ಬದಿಗೆ ನಿಂತರು. ಹೂವು ತೆಗೆಯಲು ಜಲಜಾಳ ಕೈ ಗುಲಾಬಿಯ ಮುಡಿಗೆ ಬಂತು.

"ಸ್ವಲ್ಪ ತಡೀರಿ ಅತ್ತಿಗೆ."

ಗುಲಾಬಿ ಬಾಗಿ, ಗಂಡನ ಮೂಗಿನ ಹೊಳ್ಳೆಗಳಲ್ಲಿ ತುರುಕಿದ್ದ ಹತ್ತಿಯನ್ನು ಒಂದೊಂದಾಗಿ ತೆಗೆದಳು. ಆಮೇಲೆ ಅವನ ಪಾದಗಳ ಕಡೆ ಮುಖ ಮಾಡಿ, ಎದೆಯ ಮೇಲೆ ತಲೆಯಿಟ್ಟಳು. ಮುಡಿಯ ಮಲ್ಲಿಗೆ ಅವನ ಮೂಗಿಗೆ ತಾಗಿತು. ಕೆಳಗೆ ಚಾಲಕ ಕಾದು ಕಾದು ಎಂಜಿನ್ ಆರಿಸಿದ್ದು ಎಲ್ಲರಿಗೂ ಕೇಳಿಸಿತು.